ಕೋಳಿ ಉಳಿಸಲು ಪ್ರಾಣಿ ಕೊಂದ ಮೇಲೆ ಕಾಡುವ ಸಂಕಟ: ಹೊರಬರುವ ಕ್ರಮ, ಹಂತ ಹಂತವಾಗಿ

ಮೈಸೂರು, ಮಂಡ್ಯ ಕಡೆಯ ಊರುಗಳಲ್ಲಿ ಹಿತ್ತಲ ಕೋಳಿಗೂಡಿಗೆ ನುಗ್ಗಿದ ಮುಂಗುಸಿಯನ್ನೋ ಕಾಡುಬೆಕ್ಕನ್ನೋ ಹಾವನ್ನೋ ಹೊಡೆದು ಕೊಂದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ‘ಆಗಿದ್ದು ಆಗೋಯ್ತು’ ಅಂತ ಗುಂಡಿ ತೋಡಿ ಹೂತು ಮಾತು ಮುಗಿಸುತ್ತಾರೆ. ಇನ್ನು ಕೆಲವರು ದೇವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ, ಇನ್ನೆಂದೂ ಕೊಲ್ಲುವುದಿಲ್ಲ ಅಂತ ಕೈಮುಗಿದು ಬರುತ್ತಾರೆ. ಇಬ್ಬರ ಮನೆಯಲ್ಲೂ ಗೂಡಿನ ತೂತು ಹಾಗೇ ಉಳಿದಿರುತ್ತದೆ. ಸ್ವಲ್ಪ ದಿನಕ್ಕೆ ಇನ್ನೊಂದು ಪ್ರಾಣಿ ಬರುತ್ತದೆ, ಮತ್ತೆ ದೊಣ್ಣೆ ಕೈಗೆ ಬರುತ್ತದೆ. ಈ ಸಲದ ಸಂಕಟ ಮೊದಲಿನದಕ್ಕಿಂತ ಭಾರ, ಏಕೆಂದರೆ ಈಗ ಮಾತು ತಪ್ಪಿದ ನೋವೂ ಜೊತೆಗಿರುತ್ತದೆ.

ಇಲ್ಲಿ ಎಡವುವುದು ಹಂತಗಳ ಕ್ರಮದಲ್ಲಿ. ಮೊದಲು ಕೈ ಮತ್ತು ಕಳೇಬರದ ಕೆಲಸ, ಆಮೇಲೆ ಕಾನೂನು, ಆಮೇಲೆ ನಿಜವಾಗಿ ಬಂದವರು ಯಾರು ಅನ್ನುವ ಪತ್ತೆ, ಆಮೇಲೆ ನೋವನ್ನು ಬಿಡಿಸಿ ನೋಡುವುದು, ಆಮೇಲೆ ಗೂಡು. ಪೂಜೆ, ಹರಕೆ, ಮನೆಮಂದಿಯ ಜೊತೆ ಮಾತು ಇವೆಲ್ಲ ಗೂಡು ಭದ್ರವಾದ ಮೇಲೆ.

ಬೇಕಾಗುವ ಸಾಮಾನು: ರಬ್ಬರ್ ಕೈಗವಸು, ಸೋಪು, ಬ್ಲೀಚಿಂಗ್ ಪುಡಿ, ಟಾರ್ಚು, ಒಂದು ನೋಟ್‌ಬುಕ್ಕು, ಅರ್ಧ ಇಂಚು ಕಣ್ಣಿನ ಜಿಐ ವೆಲ್ಡ್ ಮೆಶ್ (ಸತುವು ಲೇಪಿಸಿದ, ಬೆಸೆದ ತಂತಿಜಾಲರಿ), ‘ಯು’ ಮೊಳೆ, ಕಟಿಂಗ್ ಪ್ಲೇಯರ್, ಎರಡು ಚಿಲಕ.

## ಹಂತ 1: ಮೊದಲ ಒಂದು ಗಂಟೆ

ಪ್ರಾಣಿ ಇನ್ನೂ ಉಸಿರಾಡುತ್ತಿದೆಯಾ ನೋಡಿ. ಹತ್ತಿರ ಹೋಗಿ ಮುಟ್ಟಬೇಡಿ, ಹೊಟ್ಟೆಯ ಏರಿಳಿತವನ್ನು ದೂರದಿಂದ ಗಮನಿಸಿ. ಜೀವವಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯನ್ನೋ ಮಂಕರಿಯನ್ನೋ ಕೋಲಿನಿಂದ ತಳ್ಳಿ ಮುಚ್ಚಿ, ಮೇಲೊಂದು ಗೋಣಿಚೀಲ ಹಾಕಿ. ಕತ್ತಲು ಮತ್ತು ಮೌನ ಸಿಕ್ಕರೆ ಅದು ಸುಮ್ಮನಾಗುತ್ತದೆ. ನೀರು, ಹಾಲು ಏನೂ ಬೇಡ. ಕಾಡುಪ್ರಾಣಿಯಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926, ನಾಯಿ ಅಥವಾ ಸಾಕುಬೆಕ್ಕಾದರೆ ಪಶು ಆಸ್ಪತ್ರೆ ಇಲ್ಲವೇ 1962. ‘ನರಳೋದು ಬೇಡ’ ಅಂತ ಇನ್ನೆರಡು ಏಟು ಹಾಕುವವರೇ ಹೆಚ್ಚು. ಆಮೇಲೆ ಕಣ್ಣಮುಂದೆ ಬಂದು ನಿಲ್ಲುವುದು ಮೊದಲ ಏಟಿಗಿಂತ ಆ ಎರಡು ಏಟುಗಳೇ.

ಕಚ್ಚಿದ, ಪರಚಿದ ಗಾಯ ನಿಮ್ಮ ಮೈಮೇಲೆ ಇದೆಯಾ ನೋಡಿಕೊಳ್ಳಿ. ಮುಂಗುಸಿ, ನರಿ, ನಾಯಿ, ಬೆಕ್ಕು ಎಲ್ಲಕ್ಕೂ ರೇಬಿಸ್ ಬರುತ್ತದೆ. ಸಣ್ಣ ಗೀರಾದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚುಚ್ಚುಮದ್ದನ್ನು ಸಾಮಾನ್ಯವಾಗಿ 0, 3, 7, 28ನೇ ದಿನ ಕೊಡುತ್ತಾರೆ. ಅರಿಸಿನ, ಸುಣ್ಣ, ಮೆಣಸಿನ ಪುಡಿ ಗಾಯಕ್ಕೆ ಹಾಕಬೇಡಿ. ಹಾಡಹಗಲಲ್ಲಿ ಮನುಷ್ಯರಿಗೆ ಹೆದರದೆ ಎದುರಿಗೇ ಬಂದ, ಜೊಲ್ಲು ಸುರಿಸುತ್ತಿದ್ದ, ಓಲಾಡುತ್ತಿದ್ದ ಪ್ರಾಣಿಯಾಗಿದ್ದರೆ ಅದನ್ನು ವೈದ್ಯರಿಗೂ ಅರಣ್ಯ ಸಿಬ್ಬಂದಿಗೂ ತಪ್ಪದೆ ಹೇಳಿ.

ಹೆಣ್ಣು ಪ್ರಾಣಿಯಾಗಿದ್ದರೆ ಇನ್ನೊಂದು ವಿಷಯವಿದೆ. ಹೊಟ್ಟೆಯ ಅಡಿಯಲ್ಲಿ ಮೊಲೆತೊಟ್ಟುಗಳು ಉಬ್ಬಿ, ಸುತ್ತ ಕೂದಲು ಉದುರಿ ಚರ್ಮ ಕಾಣುತ್ತಿದ್ದರೆ ಎಲ್ಲೋ ಮರಿಗಳಿವೆ ಅಂತ ಅರ್ಥ. ಬೇಲಿ, ಕಲ್ಲುಗುಪ್ಪೆ, ತೆಂಗಿನ ಗರಿ ರಾಶಿ, ಚರಂಡಿ ಕೊಳವೆಯ ಕಡೆ ಸಂಜೆ ಕಿವಿಗೊಟ್ಟು ಕೇಳಿ. ದನಿ ಕೇಳಿದರೆ ಜಾಗ ತೋರಿಸುವುದಷ್ಟೇ ನಿಮ್ಮ ಕೆಲಸ, ಎತ್ತಿ ತಂದು ಹಸುವಿನ ಹಾಲು ಕುಡಿಸುವುದು ಬೇಡ. ಈ ಹುಡುಕಾಟ ಬಿಟ್ಟವರಿಗೆ ‘ಮರಿ ಇತ್ತೇನೋ’ ಅನ್ನುವ ಅನುಮಾನ ಬಹಳ ಕಾಲ ಉಳಿಯುತ್ತದೆ.

## ಹಂತ 2: ಕಾನೂನನ್ನು ಅದೇ ದಿನ ಎದುರಿಸಿ

ಇದನ್ನು ಮುಂದೂಡಿದರೆ ಪಾಪದ ಭಯ ಮತ್ತು ಪೊಲೀಸರ ಭಯ ಎರಡೂ ಕಲಸಿಹೋಗಿ, ಯಾವುದು ಯಾವುದೆಂದು ಬಿಡಿಸಲಾಗದೆ ಒದ್ದಾಡುತ್ತೀರಿ.

ಮುಂಗುಸಿ, ನರಿ, ಕಾಡುಬೆಕ್ಕು, ಪುನುಗು ಬೆಕ್ಕು, ಉಡ, ನಾಗರಹಾವು, ಕೇರೆಹಾವು, ಚಿರತೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿಯಾದರೆ ಶಿಕ್ಷೆ 3ರಿಂದ 7 ವರ್ಷ ಜೈಲು ಮತ್ತು ದಂಡ. ತನ್ನ ಅಥವಾ ಇನ್ನೊಬ್ಬ ಮನುಷ್ಯನ ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಕೊಂದಿದ್ದರೆ ಕಾಯ್ದೆಯ 11(2)ನೇ ಕಲಂ ರಕ್ಷಣೆ ಕೊಡುತ್ತದೆ. ಕೋಳಿ ಉಳಿಸಲು ಕೊಂದಿದ್ದಕ್ಕೆ ಆ ರಕ್ಷಣೆ ಇಲ್ಲ. ಬೋನಿಟ್ಟು ಹಿಡಿಯುವುದು ಕೂಡ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ‘ಕೊಲ್ಲಲಿಲ್ಲ, ಹಿಡಿದು ನಾಲೆ ಆಚೆ ಬಿಟ್ಟು ಬಂದೆ’ ಅನ್ನುವವರು ಇದನ್ನು ತಿಳಿದಿರಬೇಕು.

ತಪ್ಪಿ ಕೊಂದ ಕಾಡುಪ್ರಾಣಿಯ ಕಳೇಬರವೂ ಸರ್ಕಾರದ ಸ್ವತ್ತು. ಅದು ನಿಮ್ಮ ಕೈಯಲ್ಲಿದ್ದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಆದ್ದರಿಂದ ಹೂಳುವ, ಸುಡುವ ಅವಸರ ಬೇಡ. ಕೂದಲು, ಉಗುರು, ಚರ್ಮ ತೆಗೆದಿಡಬೇಡಿ, ಯಾರಾದರೂ ಕೇಳಿದರೂ ಕೊಡಬೇಡಿ. ಫೋಟೊ ತೆಗೆದು ಸ್ಟೇಟಸ್ ಹಾಕಬೇಡಿ. ಏನು ಹೇಳಬೇಕು ಅನ್ನುವ ಹೆದರಿಕೆಯಿದ್ದರೆ ಮೊದಲು ವಕೀಲರನ್ನು ಕೇಳಿ. ಮೈಸೂರು, ಮಂಡ್ಯ ಎರಡೂ ಕಡೆ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಕಾನೂನು ನೆರವಿನ ಸಹಾಯವಾಣಿ 15100.

ನಾಯಿಯ ವಿಷಯ ಬೇರೆ ಕಾಯ್ದೆಗೆ ಬರುತ್ತದೆ. ಬೀದಿನಾಯಿಯೇ ಆಗಲಿ, ವಿಷ ಹಾಕಿ ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಅಪರಾಧ. ಪಕ್ಕದ ಮನೆಯವರ ನಾಯಿಯಾಗಿದ್ದರೆ ಅವರ ಮನೆಗೆ ನೀವೇ ಹೋಗಿ ಹೇಳಿ. ಬೇರೆಯವರ ಬಾಯಿಂದ ತಿಳಿದರೆ ಊರಲ್ಲಿ ಆ ಜಗಳ ಬೇಗ ಆರುವುದಿಲ್ಲ.

## ಹಂತ 3: ಕೋಳಿ ತಿಂದವರು ಅದೇ ಪ್ರಾಣಿಯಾ?

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ. ಗೂಡಿನ ಬಳಿ ಕಂಡ ಪ್ರಾಣಿಯೇ ಕಳ್ಳ ಅಂತ ತೀರ್ಮಾನಿಸಿ ಹೊಡೆದಿರುತ್ತಾರೆ. ಉತ್ತರ ಕಹಿಯಾಗಿದ್ದರೂ ತಿಳಿಯಲೇಬೇಕು. ಗುಡಿಸುವ ಮೊದಲು ಟಾರ್ಚು ಹಿಡಿದು ಗೂಡಿನ ನೆಲ, ಗೋಡೆ, ಮಾಡು ಮೂರನ್ನೂ ನೋಡಿ.

ಹಲವು ಕೋಳಿ ಸತ್ತು, ತಿನ್ನದೆ ಅಲ್ಲಲ್ಲಿ ಬಿದ್ದಿದ್ದು, ಬೆನ್ನು ಮತ್ತು ಹಿಂಭಾಗ ಹರಿದಿದ್ದು, ಬಲೆ ಕಿತ್ತುಹೋಗಿದ್ದರೆ ಅದು ಹೆಚ್ಚುಕಡಿಮೆ ನಾಯಿಯ ಕೆಲಸ. ಒಂದೇ ಕೋಳಿ ಮಾಯವಾಗಿ, ಬೇಲಿಯ ಕಡೆಗೆ ಪುಕ್ಕದ ಸಾಲು ಬಿದ್ದಿದ್ದರೆ ಕಾಡುಬೆಕ್ಕು ಅಥವಾ ನರಿ. ಹಸಿಮಣ್ಣಿನ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡಿದ್ದರೆ ನರಿ ಅಥವಾ ನಾಯಿ, ಉಗುರಿಲ್ಲದೆ ದುಂಡಗಿದ್ದರೆ ಬೆಕ್ಕು. ರಾತ್ರಿ ಹೆಂಚು ಸರಿದು ಮೇಲಿನಿಂದ ಇಳಿದಿದ್ದರೆ ಪುನುಗು ಬೆಕ್ಕನ್ನು ನೆನೆಯಿರಿ. ಹಗಲಲ್ಲಿ ಕುತ್ತಿಗೆಗೆ, ತಲೆಗೆ ಕಚ್ಚಿ ಮರಿಗಳನ್ನು ಕೊಂದು, ಮೊಟ್ಟೆಚಿಪ್ಪು ಅಲ್ಲೇ ಒಡೆದುಬಿದ್ದಿದ್ದರೆ ಮುಂಗುಸಿ. ಬಯಲಿನಲ್ಲಿ ಮೇಯುತ್ತಿದ್ದ ಮರಿ ಕಣ್ಣೆದುರೇ ಕಾಣೆಯಾದರೆ ಹದ್ದು ಅಥವಾ ಡೇಗೆ.

ಚಿಪ್ಪೂ ಇಲ್ಲದೆ ಮೊಟ್ಟೆ ಮಾಯವಾದರೆ ಹಾವು. ಹಾವಿಗೆ ಇನ್ನೊಂದು ಗುರುತು: ಸತ್ತ ಮರಿ ಅಲ್ಲೇ ಬಿದ್ದಿದ್ದು, ತಲೆಯಿಂದ ಹೆಗಲವರೆಗೆ ಪುಕ್ಕ ಒದ್ದೆಯಾಗಿ ಮೈಗೆ ಅಂಟಿಕೊಂಡಿರುತ್ತದೆ. ನುಂಗಲು ಹೋಗಿ ಹಿಡಿಸದೆ ಉಗುಳಿದ್ದು ಅದು. ಗೂಡಿನ ಅಂಚಿನಲ್ಲಿ ಬಿಲ, ಬಿಲದ ಬಾಯಿಗೆ ಹೊಸ ಮಣ್ಣಿನ ಗುಡ್ಡೆ, ಮರಿಯ ಕಾಲು ಕಡಿದು ಎಳೆದಿದ್ದರೆ ಹೆಗ್ಗಣ. ಆ ಹೆಗ್ಗಣವನ್ನೇ ಹುಡುಕಿಕೊಂಡು ಬಂದ ಕೇರೆಹಾವು ಏಟು ತಿಂದು ಸಾಯುವುದು ಗದ್ದೆಬದಿಯ ಮನೆಗಳಲ್ಲಿ ಹೊಸದೇನಲ್ಲ.

ರೋಗವನ್ನೂ ಮರೆಯಬೇಡಿ. ಕೊಕ್ಕರೆ ರೋಗ (ರಾಣಿಖೇತ್) ಬಂದು ಸತ್ತ ಕೋಳಿಯನ್ನು ಮುಂಗುಸಿ ಎಳೆಯುತ್ತಿರುತ್ತದೆ, ನೋಡಿದವರು ಕೊಂದದ್ದೇ ಅದು ಅಂದುಕೊಳ್ಳುತ್ತಾರೆ. ಉಳಿದ ಕೋಳಿಗಳು ಕತ್ತು ತಿರುಚಿಕೊಂಡು, ಹಸಿರು ಭೇದಿ ಹಾಕುತ್ತಾ ತೂಕಡಿಸುತ್ತಿದ್ದರೆ ಪಶುವೈದ್ಯರನ್ನು ಕರೆಸಿ. ಮರಿಗೆ 5ರಿಂದ 7ನೇ ದಿನದಲ್ಲಿ ಈ ರೋಗದ ಲಸಿಕೆಯಾದ ಲಸೋಟ ಹನಿ, ಸುಮಾರು 8 ವಾರಕ್ಕೆ ಆರ್2ಬಿ ಚುಚ್ಚುಮದ್ದು ಹಾಕಿಸಿದ್ದೀರಾ ಅಂತ ಲೆಕ್ಕ ನೋಡಿ.

ಇನ್ನೊಂದು ಸ್ಥಳೀಯ ಕಾರಣ: ಪಕ್ಕದ ಕಬ್ಬಿನ ಗದ್ದೆಯಲ್ಲಿ ಕಟಾವು ನಡೆದರೆ ಅಲ್ಲಿ ಮರೆಯಾಗಿದ್ದ ಕಾಡುಬೆಕ್ಕು, ಮುಂಗುಸಿ, ನರಿ ಒಮ್ಮೆಲೇ ಬಯಲಿಗೆ ಬೀಳುತ್ತವೆ. ನಿಮ್ಮ ಘಟನೆ ನಡೆದದ್ದು ಅಂಥ ವಾರದಲ್ಲಾ ಅಂತ ನೆನಪಿಸಿಕೊಳ್ಳಿ. ಆ ಪ್ರಾಣಿ ಕೋಳಿಯ ರುಚಿ ಹತ್ತಿ ಬಂದದ್ದಲ್ಲ, ನೆಲೆ ತಪ್ಪಿ ಬಂದದ್ದು ಅಂತ ಗೊತ್ತಾದರೆ ಮುಂದಿನ ಕಟಾವಿಗೆ ಮೊದಲೇ ಏನು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ.

## ಹಂತ 4: ನೋವನ್ನು ಬಿಡಿಸಿ ಬರೆಯಿರಿ

ನೋಟ್‌ಬುಕ್ಕು ಈಗ ತೆಗೆಯಿರಿ. ‘ನಾನು ಪಾಪಿ’ ಅಂತ ಬರೆದರೆ ಪ್ರಯೋಜನವಿಲ್ಲ, ಆ ಮಾತಿನಿಂದ ಮಾಡಬೇಕಾದ ಕೆಲಸ ಒಂದೂ ಹುಟ್ಟುವುದಿಲ್ಲ. ನಾಲ್ಕು ಪ್ರಶ್ನೆಗೆ ಬೇರೆಬೇರೆಯಾಗಿ ಉತ್ತರ ಬರೆಯಿರಿ: ಆ ಕ್ಷಣದಲ್ಲಿ ನನಗೆ ಏನು ಗೊತ್ತಿತ್ತು? ಬೇರೆ ಯಾವ ದಾರಿ ನಿಜವಾಗಿ ಕೈಗೆಟುಕುವಂತಿತ್ತು? ಕೊಂದ ರೀತಿ ಹೇಗಿತ್ತು? ಪ್ರಾಣಿ ಒಳಗೆ ಬಂದದ್ದು ಎಲ್ಲಿಂದ?

ಎಲ್ಲಿ ಪೆನ್ನು ನಿಲ್ಲುತ್ತದೋ ನೋವು ಅಲ್ಲಿದೆ. ಕೊಂದ ರೀತಿಯ ಹತ್ತಿರ ನಿಂತರೆ, ಅಂದರೆ ಕೋಪದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊಡೆದಿದ್ದರೆ, ಅದು ಸಿಟ್ಟಿನ ಪ್ರಶ್ನೆ. ತಪ್ಪು ಪ್ರಾಣಿಯನ್ನು ಕೊಂದಿದ್ದರೆ ಅದು ಆತುರದ್ದು. ‘ತೂತು ಮುಚ್ಚಬೇಕು ಅಂತ ಮೊದಲೇ ಗೊತ್ತಿತ್ತು’ ಅಂತ ಬರೆದಿದ್ದರೆ ಅದು ಉದಾಸೀನದ್ದು. ಈ ಮೂರರಲ್ಲಿ ಕೊನೆಯದು ಅತ್ಯಂತ ಸಾಮಾನ್ಯ, ಸರಿಪಡಿಸಲು ಅತ್ಯಂತ ಸುಲಭವೂ ಅದೇ.

ಬಹಳ ಜನ ಸಿಕ್ಕಿಹಾಕಿಕೊಳ್ಳುವ ಇನ್ನೊಂದು ಪ್ರಶ್ನೆಯಿದೆ. ಮಾರಮ್ಮನ ಹಬ್ಬಕ್ಕೆ ನಾವೇ ಕೊಯ್ಯುವ ಕೋಳಿ, ಅದನ್ನು ತಿನ್ನಲು ಬಂದ ಪ್ರಾಣಿಯನ್ನು ಕೊಲ್ಲುವ ಹಕ್ಕು ನಮಗೆಲ್ಲಿಯದು? ಇದಕ್ಕೆ ನಮ್ಮ ಅಭಿಪ್ರಾಯ ಇಷ್ಟು: ಕೂಡಿ ಸಾಕಿದ ಮೇಲೆ ಕೋಳಿಗೆ ಓಡುವ ದಾರಿಯನ್ನು ಮುಚ್ಚಿದವರು ನಾವು, ಹಾಗಾಗಿ ಅದನ್ನು ಕಾಯುವ ಹೊಣೆ ನಮ್ಮದು. ಆ ಹೊಣೆ ಸಲ್ಲುವುದು ಭದ್ರವಾದ ಗೂಡಿನಿಂದ. ಹಸಿದು ಬಂದ ಪ್ರಾಣಿ ತಪ್ಪು ಮಾಡಿಲ್ಲ, ಕೋಳಿ ಉಳಿಸಲು ಓಡಿಬಂದ ನೀವು ಕ್ರೂರಿಯೂ ಅಲ್ಲ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದು ಕಷ್ಟ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ, ಪ್ರಾಣಿಯ ಮೇಲೆ ದ್ವೇಷವೋ ತನ್ನ ಮೇಲೆ ಅಸಹ್ಯವೋ ಬೆಳೆಯುತ್ತದೆ.

ಬರೆದದ್ದನ್ನು ದಿನಾ ಓದಬೇಡಿ. ಒಮ್ಮೆ ಬರೆದು, ಕೊನೆಯಲ್ಲಿ ‘ಇದಕ್ಕಾಗಿ ಮಾಡುವ ಕೆಲಸ’ ಅಂತ ಒಂದು ಸಾಲು ಸೇರಿಸಿ ಮುಚ್ಚಿಡಿ. ಆ ಸಾಲೇ ಮುಂದಿನ ಹಂತ.

## ಹಂತ 5: ಗೂಡು

ಇದು ಪ್ರಾಯಶ್ಚಿತ್ತದ ಮುಖ್ಯ ಭಾಗ. ಆದಷ್ಟು ಬೇಗ, ಮೊದಲ ವಾರದಲ್ಲೇ ಮುಗಿಸಿ. ಅಲ್ಲಿಯವರೆಗೆ ರಾತ್ರಿ ಕೋಳಿಗಳನ್ನು ಬಾಗಿಲಿರುವ ಕೋಣೆಯಲ್ಲಿ ಕೂಡಿ. ದೊಡ್ಡ ಕೋಳಿ ಹತ್ತಿದ್ದರೆ ರಾತ್ರಿ ಗೂಡಿಗೆ 4 ಅಡಿ ಉದ್ದ, 3 ಅಡಿ ಅಗಲ ಸಾಕು.

ಜಾಲರಿ: ಆರು ಮೂಲೆಯ ಕಣ್ಣಿನ ತೆಳು ಕೋಳಿಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿಯನ್ನು ತಡೆಯುವುದಿಲ್ಲ. ಅದರ ಕಣ್ಣಲ್ಲಿ ಹಾವೂ ಹೆಗ್ಗಣವೂ ನುಸುಳುತ್ತವೆ. ಅರ್ಧ ಇಂಚಿನ ವೆಲ್ಡ್ ಮೆಶ್ಶನ್ನೇ ತನ್ನಿ. ಮರದ ಚೌಕಟ್ಟಿಗೆ ‘ಯು’ ಮೊಳೆಯನ್ನು 4 ಇಂಚಿಗೊಂದರಂತೆ ಹೊಡೆದು, ಮೇಲೆ ಮರದ ಪಟ್ಟಿ ಕೂರಿಸಿ. ಮೊಳೆ ದೂರದೂರ ಹೊಡೆದರೆ ನಡುವೆ ಮೆಶ್ ಉಬ್ಬಿ ಸಂದಿಯಾಗುತ್ತದೆ, ಮುಂಗುಸಿಗೆ ತಲೆ ತೂರಿಸುವಷ್ಟು ಜಾಗ ಸಾಕು.

ನೆಲ: ತೋಡಿ ನುಗ್ಗುವುದನ್ನು ತಡೆಯಲು ಗೂಡಿನ ಬುಡದಿಂದ ಹೊರಮುಖವಾಗಿ ಒಂದೂವರೆ ಅಡಿ ಅಗಲ ಮೆಶ್ ಹಾಸಿ, ಮೇಲೆ ಕಲ್ಲು, ಮಣ್ಣು ಹಾಕಿ ಮುಚ್ಚಿ. 4x3 ಅಡಿ ಗೂಡಿಗೆ 7 ಅಡಿಯ ಎರಡು, 3 ಅಡಿಯ ಎರಡು ಪಟ್ಟಿ, ಒಟ್ಟು 20 ಅಡಿ ಬೇಕಾಗುತ್ತದೆ. ಹೀಗೆ ಕತ್ತರಿಸಿದರೆ ಮೂಲೆಗಳೂ ತುಂಬುತ್ತವೆ. ಮೂಲೆ ಬಿಟ್ಟವರ ಗೂಡಿಗೆ ಪ್ರಾಣಿ ಮೂಲೆಯಿಂದಲೇ ನುಗ್ಗುತ್ತದೆ. ತೋಡುವ ಪ್ರಾಣಿ ಗೋಡೆಯ ಬುಡಕ್ಕೇ ಕೈ ಹಾಕುತ್ತದೆ, ಉಗುರಿಗೆ ಮೆಶ್ ಸಿಕ್ಕರೆ ಹಿಂದೆ ಸರಿದು ತೋಡಬೇಕೆಂದು ಅದಕ್ಕೆ ಹೊಳೆಯುವುದಿಲ್ಲ.

ಮಾಡು ಮತ್ತು ಬಾಗಿಲು: ಹೆಂಚಿನ ಕೆಳಗೆ ಮೆಶ್ ಎಳೆಯಿರಿ. ಗೋಡೆ ಮತ್ತು ಮಾಡು ಸೇರುವ ಸಂದಿಯಲ್ಲಿ ನಿಮ್ಮ ಹೆಬ್ಬೆರಳು ಹೋದರೆ ಹಾವೂ ಹೋಗುತ್ತದೆ. ಬಾಗಿಲಿಗೆ ಮೇಲೊಂದು, ಕೆಳಗೊಂದು ಚಿಲಕ. ಒಂದೇ ಚಿಲಕವಿದ್ದರೆ ನಾಯಿ ಕೆಳಮೂಲೆಯನ್ನು ಎಳೆದು ಬಗ್ಗಿಸುತ್ತದೆ.

ವೇಳೆ: ಸೂರ್ಯ ಮುಳುಗುವ ಮೊದಲೇ ಮುಚ್ಚಿ, ಚೆನ್ನಾಗಿ ಬೆಳಕು ಹರಿದ ಮೇಲೆ ತೆರೆಯಿರಿ. ಗೂಡು ಎಷ್ಟೇ ಗಟ್ಟಿಯಿರಲಿ, ‘ಇವತ್ತು ಒಂದಿನ’ ಅಂತ ಸಂಜೆ ಮರೆತ ಬಾಗಿಲು ಒಂದೇ ಸಾಕು. ಮರಿಗಳನ್ನು ಮೊದಲ 6ರಿಂದ 8 ವಾರ ಬಯಲಿಗೆ ಬಿಡದೆ, ಮೇಲೆ ಬಲೆಯಿರುವ ಅಂಗಳದಲ್ಲೋ ಮಂಕರಿಯಡಿಯಲ್ಲೋ ಇಡಿ. ಮಂಕರಿಯ ಮೇಲೆ ಒಂದು ಗುಂಡುಕಲ್ಲು ಬೇಕೇಬೇಕು.

ಸುತ್ತಮುತ್ತ: ಗೂಡಿನ ಸುತ್ತ ಹತ್ತು ಅಡಿ ಪೊದೆ, ಸೌದೆ, ಹಳೇ ಹೆಂಚಿನ ರಾಶಿ ಇರಬಾರದು. ರಾಗಿ, ಜೋಳ, ನುಚ್ಚನ್ನು ಮುಚ್ಚಳದ ಡ್ರಮ್ಮಿನಲ್ಲಿಡಿ. ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ, ಬಂದ ಹಾವು ಮೊಟ್ಟೆ ಕಾಣುತ್ತದೆ. ಮೊಟ್ಟೆಯನ್ನು ದಿನಕ್ಕೆ ಎರಡು ಸಲ ತೆಗೆಯಿರಿ. ಸತ್ತ ಕೋಳಿಯನ್ನು ಬೇಲಿಯಾಚೆ ಎಸೆದರೆ ಪ್ರಾಣಿಗಳಿಗೆ ನೀವೇ ದಾರಿ ತೋರಿಸಿದಂತೆ. ಆಳವಾಗಿ ಹೂತು ಮೇಲೆ ಸುಣ್ಣ ಹಾಕಿ.

ಮಾಡಲೇಬಾರದ್ದು ಎರಡು. ವಿಷದ ತಿಂಡಿ ಇಡಬೇಡಿ: ಅದನ್ನು ತಿಂದ ಇಲಿಯಿಂದ ಗೂಬೆ, ಬೆಕ್ಕು, ನಾಯಿಗಳೂ ಸಾಯುತ್ತವೆ, ಮಕ್ಕಳ ಕೈಗೂ ಸಿಗುತ್ತದೆ. ಬೇಲಿಗೆ ನೇರ ಕರೆಂಟು ಕೊಡಬೇಡಿ: ಅದು ಮನುಷ್ಯರನ್ನೂ ಕೊಲ್ಲುತ್ತದೆ.

## ಹಂತ 6: ಪೂಜೆ, ಹರಕೆ, ಮನೆಮಾತು

ಗೂಡು ಭದ್ರವಾದ ಮೇಲೆ ಇವುಗಳಿಗೆ ಬೆಲೆ ಹೆಚ್ಚುತ್ತದೆ. ನಾಗರಹಾವು ಸತ್ತಿದ್ದರೆ ಹಾಲು, ತುಪ್ಪ ಹಾಕಿ ಸಂಸ್ಕಾರ ಮಾಡುವ ಪದ್ಧತಿ ನಮ್ಮ ಕಡೆ ಹಲವು ಊರುಗಳಲ್ಲಿದೆ. ಕಳೇಬರದ ವಿಷಯ ಇಲಾಖೆಗೆ ತಿಳಿಸದೆ ಸುಡುವುದು ಬೇಡ, ಅರಳಿಕಟ್ಟೆಯ ನಾಗರಕಲ್ಲಿಗೆ ಪೂಜೆ ಮಾಡಲು ಯಾವ ಅಡ್ಡಿಯೂ ಇಲ್ಲ. ಮನೆಯ ಹಿರಿಯರಿಗೆ ಇದು ಮುಖ್ಯವಾಗಿದ್ದರೆ ‘ಮೂಢನಂಬಿಕೆ’ ಅಂತ ತಳ್ಳಿಹಾಕಬೇಡಿ. ಅವರೂ ಅದೇ ಸಂಕಟವನ್ನು ತಮಗೆ ಗೊತ್ತಿರುವ ದಾರಿಯಲ್ಲಿ ಇಳಿಸುತ್ತಿದ್ದಾರೆ. ಸಾಲ ಮಾಡಿ ದೊಡ್ಡ ಪೂಜೆಗೆ ಹೊರಡುವುದಕ್ಕೆ ಮೊದಲು ಮೆಶ್ಶಿಗೆ ದುಡ್ಡು ಎತ್ತಿಡಿ.

ಮಕ್ಕಳು ನೋಡಿದ್ದರೆ ಮಾತ್ರ ಗೂಡು ಮುಗಿಯುವವರೆಗೆ ಕಾಯದೆ ಅದೇ ದಿನ ಅವರ ಜೊತೆ ಮಾತಾಡಬೇಕು. ‘ಕೆಟ್ಟ ಪ್ರಾಣಿ, ಅದಕ್ಕೇ ಕೊಂದೆ’ ಅನ್ನಬೇಡಿ. ‘ಕೋಳಿ ಸಾಯುತ್ತೆ ಅಂತ ಗಾಬರಿಯಾಗಿ ಹೊಡೆದೆ. ಹೊಡೀಬಾರದಿತ್ತು. ಇನ್ನೊಂದು ಸಲ ಬಾರದ ಹಾಗೆ ಗೂಡು ಕಟ್ಟೋಣ, ನೀನೂ ಬಾ’ ಅನ್ನಿ. ಮೊಳೆ ಎತ್ತಿಕೊಡುವ ಕೆಲಸ ಕೊಡಿ. ಮಾತಿಗಿಂತ ಅದು ಮಗುವಿಗೆ ಹೆಚ್ಚು ಸಮಾಧಾನ ಕೊಡುತ್ತದೆ.

‘ಒಂದು ಮುಂಗುಸಿಗೆ ಇಷ್ಟೊಂದು ಕೊರಗ್ತೀಯಲ್ಲೋ’ ಅನ್ನುವವರಿಗೆ ಉತ್ತರ ಕೊಡುತ್ತಾ ಕೂರಬೇಡಿ. ನೋವಾಗಿದೆ ಅಂತ ಒಬ್ಬರಿಗೆ, ಕೇಳಿಸಿಕೊಳ್ಳುವ ಒಬ್ಬರಿಗೆ, ಪೂರ್ತಿ ಹೇಳಿಕೊಂಡರೆ ಸಾಕು.

## ಎಚ್ಚರಿಕೆಯ ಲಕ್ಷಣಗಳು

ಮೊದಲ ಕೆಲವು ದಿನ ನಿದ್ದೆ ಕೆಡುವುದು, ಊಟ ಸೇರದಿರುವುದು, ಆ ಸದ್ದು ಕಿವಿಯಲ್ಲಿ ಉಳಿಯುವುದು ಸಹಜ. ಎರಡು ವಾರ ಕಳೆದರೂ ಅದೇ ದೃಶ್ಯ ಮರುಕಳಿಸುತ್ತಿದ್ದರೆ, ಗೂಡಿನ ಕಡೆ ಹೋಗಲು ಆಗದೆ ಕೋಳಿಗೆ ಕಾಳು ಹಾಕುವುದೂ ನಿಂತಿದ್ದರೆ, ಮಲಗಲು ಕುಡಿತ ಬೇಕಾಗುತ್ತಿದ್ದರೆ, ಮನೆಯಲ್ಲಿ ನಡೆದ ಪ್ರತಿ ಕೆಡುಕಿಗೂ ಆ ಕೊಲೆಯೇ ಕಾರಣ ಅನ್ನಿಸತೊಡಗಿದ್ದರೆ ಒಬ್ಬರೇ ನಿಭಾಯಿಸುವ ಹಂತ ದಾಟಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಸಾಯಬೇಕು ಅನ್ನುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅದೇ ಕ್ಷಣ ಕರೆ ಮಾಡಿ, ಪಕ್ಕದಲ್ಲಿ ಒಬ್ಬರನ್ನು ಇರಿಸಿಕೊಳ್ಳಿ.

ಎದುರುದಿಕ್ಕಿನ ಲಕ್ಷಣವೂ ಇದೆ. ಮುಂಗುಸಿ ಕಂಡಲ್ಲೆಲ್ಲ ಅಟ್ಟಿಸಿಕೊಂಡು ಹೋಗುವುದು, ಬಿಲ ಹುಡುಕಿ ಹೊಗೆ ಹಾಕುವುದು ಶುರುವಾದರೆ ಒಳಗಿನ ನೋವು ಸಿಟ್ಟಾಗಿ ತಿರುಗಿದೆ ಅಂತ ತಿಳಿಯಿರಿ. ಅಂಥವರು ಹಂತ 4ಕ್ಕೆ ಮರಳಬೇಕು.

## ಹಂತ 7: ಮತ್ತೆ ಬಂದಾಗ

ಬಂದೇ ಬರುತ್ತದೆ. ಆ ಗಾಬರಿಯಲ್ಲಿ ಯೋಚಿಸಲು ಆಗುವುದಿಲ್ಲ, ಈಗಲೇ ಮನೆಯವರೆಲ್ಲ ಸೇರಿ ಒಮ್ಮೆ ಮಾಡಿ ನೋಡಿ. ಗೂಡಿನ ಪಕ್ಕ ಒರಗಿಸಿಟ್ಟ ದೊಣ್ಣೆ, ಮಚ್ಚನ್ನು ಒಳಗಿಡಿ. ಆ ಜಾಗದಲ್ಲಿ ಟಾರ್ಚು ಮತ್ತು ಹಳೇ ತಟ್ಟೆ, ಸೌಟು ಇರಲಿ.

ಸದ್ದು ಕೇಳಿದರೆ ಮೊದಲು ಹೊರಗಿನ ದೀಪ ಹಾಕಿ, ಬಾಗಿಲಲ್ಲೇ ನಿಂತು ತಟ್ಟೆ ಬಡಿಯಿರಿ. ಹೆಚ್ಚಿನ ಪ್ರಾಣಿ ಇಷ್ಟಕ್ಕೇ ಓಡುತ್ತದೆ. ಗೂಡಿನೊಳಗೇ ಸಿಕ್ಕಿಕೊಂಡಿದ್ದರೆ ಬಾಗಿಲನ್ನು ಪೂರ್ತಿ ತೆರೆದು ಹತ್ತು ಅಡಿ ಪಕ್ಕಕ್ಕೆ ಸರಿಯಿರಿ, ಬಾಗಿಲಿಗೆ ಎದುರಾಗಿ ನಿಲ್ಲಬೇಡಿ. ದಾರಿ ಕಾಣದ ಪ್ರಾಣಿಯೇ ಮೈಮೇಲೆ ಬರುವುದು. ಹಾವಾದರೆ ಹತ್ತು ಅಡಿ ದೂರದಿಂದ ಕಣ್ಣಿಟ್ಟು, ಹಾವು ಹಿಡಿಯುವವರು ಬರುವವರೆಗೆ ಒಬ್ಬರು ಕಾಯಿರಿ. ಅವರ ಮತ್ತು ನಿಮ್ಮ ವಲಯ ಅರಣ್ಯ ಕಚೇರಿಯ ನಂಬರನ್ನು ಗೂಡಿನ ಬಾಗಿಲ ಮೇಲೇ ಬಣ್ಣದಲ್ಲಿ ಬರೆದಿಡಿ, ಫೋನಿನಲ್ಲಿ ಹುಡುಕುವ ಹೊತ್ತು ಅದಲ್ಲ. ಚಿರತೆಯ ಹೆಜ್ಜೆ ಕಂಡರೆ, ಅಥವಾ ನಾಯಿಗಳು ಬೊಗಳುವುದು ಬಿಟ್ಟು ಮನೆಯೊಳಗೆ ನುಸುಳುತ್ತಿದ್ದರೆ ಯಾರೂ ಹೊರಗೆ ಹೋಗಬೇಡಿ. ಕೋಳಿ ಹೋದರೆ ಹೋಗಲಿ, 1926 ಅಥವಾ 112ಕ್ಕೆ ಫೋನ್ ಮಾಡಿ. ಕಬ್ಬಿನಲ್ಲಿ ಮರಿಗಳು ಸಿಕ್ಕರೆ ಮುಟ್ಟದೆ, ಕಟಾವು ನಿಲ್ಲಿಸಿ, ಇಲಾಖೆಗೆ ಹೇಳಿ. ತಾಯಿ ಸಾಮಾನ್ಯವಾಗಿ ರಾತ್ರಿ ಬಂದು ಒಯ್ಯುತ್ತದೆ.

ಪ್ರಾಣಿ ಹೋದ ಮೇಲೆ ಅದು ನುಗ್ಗಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬೆಳಗ್ಗೆ ಕೋಳಿ ಬಿಡುವ ಮೊದಲು ಅದನ್ನು ಮುಚ್ಚಿ. ತಾರೀಖು, ಹೊತ್ತು, ಬಂದ ಪ್ರಾಣಿ, ನುಗ್ಗಿದ ಜಾಗ ಈ ನಾಲ್ಕನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಗೂಡಿನ ಬುಡದ ಮೆಶ್ಶನ್ನು ಕೋಲಿನಿಂದ ತಟ್ಟಿ ನೋಡಿ. ತುಕ್ಕು ಹಿಡಿದ ಕಡೆ ಸದ್ದು ಮಂದವಾಗಿ, ತಂತಿ ಪುಡಿಯಾಗಿ ಉದುರುತ್ತದೆ. ಆ ತುಂಡನ್ನು ಅದೇ ದಿನ ಬದಲಿಸಿ.